ಕಬ್ಬಿನ ಲಾರಿಗೆ ಜೋಡಿ ಬ್ಯಾಟರಿ: ಮಂಡ್ಯದ ಒಂದು ಅಂಗಡಿಯ ವಿಮರ್ಶೆ

ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುನ್ನ ಲಾರಿಯ ಬ್ಯಾಟರಿ ಬದಲಾಯಿಸಬೇಕಾದವರಿಗೆ, ನಾವು ಈ ಸಲ ಹೋಗಿದ್ದ ಮಂಡ್ಯದ ಗುತ್ತಲು ರಸ್ತೆಯ ಸಣ್ಣ ಬ್ಯಾಟರಿ ಅಂಗಡಿಯನ್ನು ಮನಸ್ಸು ತುಂಬಿ ಶಿಫಾರಸು ಮಾಡುತ್ತೇನೆ. ಬೆಲೆಯ ಕಾರಣಕ್ಕೆ ಹೇಳುತ್ತಿಲ್ಲ. ಮೈಸೂರಿನ ಬನ್ನಿಮಂಟಪದ ಕಡೆ ವಿಚಾರಿಸಿದಾಗ ಸಿಕ್ಕ ದರಕ್ಕೂ ಇಲ್ಲಿನ ದರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೊಸ ಬ್ಯಾಟರಿಯ ಮಾತೆತ್ತುವ ಮೊದಲು ಇವರು ಹಳೆಯ ಬ್ಯಾಟರಿಗಳನ್ನೂ, ಎಂಜಿನ್ ಓಡುವಾಗ ಅವನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರಿಗೆ ಹೋಗುವ ಕೇಬಲ್ಲುಗಳನ್ನೂ ಪರೀಕ್ಷಿಸಿದರು. ಮಾರುವುದಕ್ಕಿಂತ ಮೊದಲು ಲಾರಿಯ ದೋಷ ಎಲ್ಲಿದೆ ಎಂದು ಹುಡುಕುವ ಅಂಗಡಿ ನಮ್ಮ ಕಡೆ ಅಪರೂಪ. ಅವರು ಅನುಸರಿಸಿದ ಕ್ರಮವನ್ನು ಯಾವ ಊರಿನ ಯಾವ ಅಂಗಡಿಯಲ್ಲಾದರೂ ಕೇಳಿ ಪಡೆಯಬಹುದಾದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ದೊಡ್ಡ ಲಾರಿಗಳ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ ಸರಣಿಯಲ್ಲಿ ಜೋಡಿಸಿರುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಂದ ಇಂಧನ ಹೊತ್ತುವುದಿಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಏಳುವ ಶಾಖದಿಂದಲೇ ಹೊತ್ತಬೇಕು. ಆ ಒತ್ತಡದ ಎದುರು ಕ್ರ್ಯಾಂಕ್ ತಿರುಗಿಸಲು ಸೆಲ್ಫ್ ಮೋಟರ್ ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಎಳೆಯುತ್ತದೆ. ಎರಡು ಬ್ಯಾಟರಿಗಳ ಮೂಲಕ ಹರಿಯುವುದು ಒಂದೇ ಕರೆಂಟ್ ಆಗಿರುವುದರಿಂದ, ಎರಡರಲ್ಲಿ ಯಾವುದು ದುರ್ಬಲವೋ ಅದರ ಶಕ್ತಿಯೇ ಇಡೀ ಜೋಡಿಯ ಶಕ್ತಿಯಾಗುತ್ತದೆ. ಲಾರಿ ಬ್ಯಾಟರಿಯ ಆಯ್ಕೆಯಲ್ಲಿ ಮುಖ್ಯವಾದ ಸಂಗತಿ ಇದೊಂದೇ ಎಂದು ನಾನು ನಂಬಿದ್ದೇನೆ, ಕಂಪನಿಯ ಹೆಸರು ಆಮೇಲಿನ ಮಾತು.

ಅಂಗಡಿಯ ಎಲೆಕ್ಟ್ರಿಷಿಯನ್ ಮೊದಲು ಎರಡನ್ನೂ ಸೇರಿಸಿ ಅಳೆದಾಗ ಮೀಟರು 24.3 ವೋಲ್ಟ್ ತೋರಿಸಿತು. ಇದಿಷ್ಟನ್ನೇ ನೋಡಿದವರು ಬ್ಯಾಟರಿ ಪರವಾಗಿಲ್ಲ, ಸೆಲ್ಫ್ ಮೋಟರ್ ಬಿಚ್ಚೋಣ ಎನ್ನುತ್ತಿದ್ದರು. ಆದರೆ ಈ ಎಲೆಕ್ಟ್ರಿಷಿಯನ್ ಒಂದೊಂದನ್ನೇ ಬೇರೆಯಾಗಿ ಅಳೆದರು. ಒಂದು 12.6, ಇನ್ನೊಂದು 11.7. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ಅಥವಾ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ತುಂಬಿದೆ ಎಂದೂ, 12.2ಕ್ಕೆ ಇಳಿದರೆ ಸುಮಾರು ಅರ್ಧ ಖಾಲಿಯೆಂದೂ, 12ಕ್ಕಿಂತ ಕೆಳಗೆ ಬಹುತೇಕ ಬರಿದು ಎಂದೂ ತಿಳಿಯಬಹುದು. ಆದರೆ ಬರಿದಾದ ಬ್ಯಾಟರಿಯೆಲ್ಲ ಸತ್ತ ಬ್ಯಾಟರಿಯಲ್ಲ. ಆದ್ದರಿಂದ 11.7 ತೋರಿಸಿದ್ದನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ ಹೈಡ್ರೋಮೀಟರಿನಿಂದ ಅದರ ಆರೂ ಸೆಲ್ಲುಗಳ ಗ್ರಾವಿಟಿ, ಅಂದರೆ ಆಸಿಡ್ಡಿನ ಸಾಂದ್ರತೆ ನೋಡಿದರು. ಐದು ಸೆಲ್ಲುಗಳು 1.240ರ ಆಸುಪಾಸಿನಲ್ಲಿದ್ದರೆ ಒಂದು ಮಾತ್ರ 1.150ರಲ್ಲೇ ನಿಂತಿತ್ತು. ಸೆಲ್ಲುಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಬ್ಯಾಟರಿಯ ಆಸೆ ಬಿಡಬೇಕು. ಹದಿನೈದು ಸೆಕೆಂಡಿನ ಲೋಡ್ ಪರೀಕ್ಷೆಯೂ ಅದನ್ನೇ ಹೇಳಿತು: ಒಳ್ಳೆಯ ಬ್ಯಾಟರಿ ಆ ಭಾರದ ಕೆಳಗೆ 9.6 ವೋಲ್ಟಿಗಿಂತ ಮೇಲೆ ನಿಲ್ಲಬೇಕು, ಇದು ನಿಲ್ಲಲಿಲ್ಲ.

ಇಲ್ಲಿಂದ ಮುಂದೆ ಪ್ರತಿ ಲಾರಿ ಮಾಲೀಕನಿಗೂ ಎದುರಾಗುವ ಪ್ರಶ್ನೆ ಬಂತು. ನಮ್ಮ ಡ್ರೈವರ್, "ಅಣ್ಣ, ಒಂದು ಚೆನ್ನಾಗೈತಲ್ಲ, ಕೆಟ್ಟಿರೋದನ್ನ ಮಾತ್ರ ಹಾಕ್ಸಣ" ಎಂದ. ಅಂಗಡಿಯ ಯಜಮಾನರು ಕೊಟ್ಟ ಉತ್ತರ ನನಗೆ ಹಿಡಿಸಿತು. ಉಳಿದ ಬ್ಯಾಟರಿ ವರ್ಷದೊಳಗಿನದಾಗಿದ್ದು, ಅದೇ ಕಂಪನಿಯ ಅದೇ ಮಾದರಿ ಸಿಗುವುದಾದರೆ ಒಂದನ್ನೇ ಹಾಕಿಸಬಹುದು, ಇಲ್ಲವಾದರೆ ಬೇಡ ಎಂದರು. ಆಲ್ಟರ್ನೇಟರಿಗೆ ಗೊತ್ತಾಗುವುದು ಎರಡರ ಒಟ್ಟು ವೋಲ್ಟೇಜ್ ಮಾತ್ರ. ಅದು ಒಟ್ಟು 28.2 ವೋಲ್ಟ್ ಕೊಡುತ್ತಿರುವಾಗ ಹಳೆಯದಕ್ಕೂ ಹೊಸದಕ್ಕೂ 14.1 ಸಮಪಾಲು ಸಿಗುತ್ತದೆ ಎನ್ನಲಾಗದು. ಒಂದಕ್ಕೆ 15, ಇನ್ನೊಂದಕ್ಕೆ 13.2 ಆಗಿಬಿಡಬಹುದು. ಹದಿನೈದು ಸಿಕ್ಕಿದ್ದು ಕುದಿದು ನೀರು ಕಳೆದುಕೊಳ್ಳುತ್ತದೆ. ಇನ್ನೊಂದು ಎಂದೂ ಪೂರ್ತಿ ತುಂಬದೆ, ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹೊಸ ಎತ್ತಿನ ಜೊತೆ ಮುದಿ ಎತ್ತನ್ನು ನೊಗಕ್ಕೆ ಕಟ್ಟಿದಂತೆ, ಕೊನೆಗೆ ಎರಡೂ ಹಾಳು. ನಮ್ಮ ಜೋಡಿಗೆ ವಯಸ್ಸಾಗಿದ್ದುದರಿಂದ ಎರಡನ್ನೂ ತೆಗೆಸಿದೆವು. ಚೆನ್ನಾಗಿದ್ದುದನ್ನು ಗುಜರಿಗೆ ಕೊಡುವ ಅಗತ್ಯವಿರಲಿಲ್ಲ. 12 ವೋಲ್ಟಿನ ಟ್ರಾಕ್ಟರಿನಲ್ಲಿ ಒಂಟಿಯಾಗಿ ದುಡಿಯಲು ಅದು ಸಾಕು, ಪೆಟ್ಟಿಗೆಯ ಅಳತೆಗೆ ಕೂರುವಂತಿದ್ದರೆ ಆಯಿತು.

ಒಂದು ಕೆಟ್ಟು ಇನ್ನೊಂದು ಉಳಿದದ್ದು ಏಕೆಂದು ಹುಡುಕಿದಾಗ ಕಾರಣ ಕ್ಯಾಬಿನ್ನಿನಲ್ಲೇ ಸಿಕ್ಕಿತು. ಟೇಪ್ ರೆಕಾರ್ಡರ್, ಸಣ್ಣ ಫ್ಯಾನು, ಮೊಬೈಲ್ ಚಾರ್ಜರ್ ಎಲ್ಲಕ್ಕೂ 12 ವೋಲ್ಟ್ ಬೇಕೆಂದು, ಹಿಂದೆ ಯಾರೋ ಒಂದೇ ಬ್ಯಾಟರಿಯಿಂದ ವೈರ್ ಎಳೆದಿದ್ದರು. ನಮ್ಮ ಜಿಲ್ಲೆಯ ಲಾರಿಗಳಲ್ಲಿ ಇದು ತೀರಾ ಸಾಮಾನ್ಯ. ಇದರ ಹಾನಿಯನ್ನು ಲೆಕ್ಕ ಹಾಕಿ ನೋಡಬೇಕು. ಸೆಲ್ಫ್ ಮೋಟರ್ 300 ಆಂಪಿಯರಿನಂತೆ ಮೂರು ಸೆಕೆಂಡು ತಿರುಗಿದರೆ ಖರ್ಚಾಗುವುದು ಕಾಲು ಆಂಪಿಯರ್ ಅವರ್ ಮಾತ್ರ. ಎಂಜಿನ್ ಓಡಿದ ಒಂದೆರಡು ನಿಮಿಷದಲ್ಲಿ ಅದು ವಾಪಸ್ ತುಂಬುತ್ತದೆ. ಆದರೆ ಸಕ್ಕರೆ ಕಾರ್ಖಾನೆಯ ಯಾರ್ಡಿನ ಮುಂದೆ ಸಾಲಿನಲ್ಲಿ ನಿಂತ ಲಾರಿಯಲ್ಲಿ ಹಾಡು, ಫ್ಯಾನು, ಲೈಟು ಸೇರಿ ಐದು ಆಂಪಿಯರ್ ಎಳೆಯುತ್ತ ರಾತ್ರಿ ಎಂಟು ಗಂಟೆ ಕಳೆದರೆ 40 ಆಂಪಿಯರ್ ಅವರ್ ಹೋಯಿತು, ಅದೂ ಒಂದೇ ಬ್ಯಾಟರಿಯಿಂದ. ಸಾಲು ಮುಂದೆ ಸರಿದಂತೆಲ್ಲ ಸೆಲ್ಫ್ ಹೊಡೆಯುವುದರಿಂದ ಬ್ಯಾಟರಿ ಕೆಡುತ್ತದೆ ಎಂದು ಡ್ರೈವರುಗಳು ನಂಬಿದ್ದಾರೆ. ನಿಜವಾಗಿ ಅದನ್ನು ತಿನ್ನುವುದು ಯಾರ್ಡಿನ ಮುಂದಿನ ಆ ರಾತ್ರಿ. 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿಸಿದರೆ ಭಾರ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಅದನ್ನು ಹೊಸ ಬ್ಯಾಟರಿಯ ಜೊತೆಯಲ್ಲೇ ಹಾಕಿಸಿದೆವು. ಇದಿಲ್ಲದೆ ಎಷ್ಟು ದುಬಾರಿ ಬ್ಯಾಟರಿ ತಂದರೂ ವ್ಯರ್ಥವೇ ಸರಿ.

ಸಾಮರ್ಥ್ಯದ ವಿಷಯದಲ್ಲಿ ಲಾರಿಯ ಕೈಪಿಡಿ ಹೇಳಿದ್ದೇ ಪ್ರಮಾಣ. ನಮ್ಮದಕ್ಕೆ 130 ಎಎಚ್‌ನ (ಆಂಪಿಯರ್ ಅವರ್) ಎರಡು. ಈ ಅಂಕಿ ಇಪ್ಪತ್ತು ಗಂಟೆಯ ಲೆಕ್ಕದ್ದು, ಅಂದರೆ ಆರೂವರೆ ಆಂಪಿಯರನ್ನು ಇಪ್ಪತ್ತು ಗಂಟೆ ಕೊಡಬಲ್ಲದು ಎಂದರ್ಥ. ಸೆಲ್ಫ್ ಹೊಡೆಯುವ ಆ ಮೂರು ಸೆಕೆಂಡಿನ ಬಲವನ್ನು ಅದು ನೇರವಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಸಿಸಿಎ ಎಂಬ ಅಂಕಿ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಮೂವತ್ತು ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಪರೀಕ್ಷೆ ಅದು. ಮಂಡ್ಯದಲ್ಲಿ ಅಂಥ ಚಳಿ ಎಲ್ಲಿದೆ ಎಂದು ಆ ಅಂಕಿಯನ್ನು ತಳ್ಳಿಹಾಕಬಾರದು, ಏಕೆಂದರೆ ಒಂದೇ ಎಎಚ್‌ನ ಎರಡು ಮಾದರಿಗಳಲ್ಲಿ ಯಾವುದು ಒಮ್ಮೆಲೇ ಹೆಚ್ಚು ಕರೆಂಟ್ ಬಿಡಬಲ್ಲದು ಎಂದು ಹೋಲಿಸಲು ಅದೇ ಅನುಕೂಲ. ನಮ್ಮಲ್ಲಿ ಬ್ಯಾಟರಿಯ ಶತ್ರು ಶಾಖ. ಅದರ ಜೊತೆಗೆ ಗದ್ದೆಯ ಬದುಗಳ ಮೇಲೆ, ನಾಲೆಯ ಏರಿಯ ಮೇಲೆ ಕಬ್ಬು ಹೊತ್ತು ಬರುವ ಲಾರಿಯ ಕುಲುಕಾಟ. ಪ್ಲೇಟಿನ ಮೇಲಿನ ಪದಾರ್ಥ ಉದುರಿ ತಳ ಸೇರುವುದು ಹೀಗೆಯೇ.

ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಗಟ್ಟಿ, ಲಾರಿಗೂ ಹಾಕಬಹುದು ಎಂಬ ಸಲಹೆ ನನಗೆ ಬೇರೊಂದು ಕಡೆ ಸಿಕ್ಕಿತ್ತು. ಅದು ತಪ್ಪು ಸಲಹೆ. ನಿಧಾನವಾಗಿ, ಬಹಳ ಹೊತ್ತು ಕರೆಂಟ್ ಕೊಡಲು ದಪ್ಪ ಪ್ಲೇಟುಗಳಿಂದ ಮಾಡಿದ್ದು ಅದು. ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟುಗಳು ಹೆಚ್ಚು ಸಂಖ್ಯೆಯಲ್ಲಿರುವುದರಿಂದಲೇ ಅದು ಒಮ್ಮೆಲೇ ನೂರಾರು ಆಂಪಿಯರ್ ಕೊಡಲು ಸಾಧ್ಯ. ಇನ್ನು ಪ್ಲೇಟಿನ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿದ, ನೀರು ಹಾಕುವ ಅಗತ್ಯವಿಲ್ಲದ ಮಾದರಿಯೋ, ಆಂಟಿಮನಿ ಬೆರೆಸಿದ, ಆಗಾಗ ನೀರು ಬೇಡುವ ಮಾದರಿಯೋ ಎಂಬ ಆಯ್ಕೆ. ಪೂರ್ತಿ ಬರಿದಾದ ಮೇಲೂ ಚೇತರಿಸಿಕೊಳ್ಳುವುದರಲ್ಲಿ ಆಂಟಿಮನಿ ವಾಸಿ. ಲಾರಿ ನಿಂತಲ್ಲೇ ಚಾರ್ಜ್ ಸೋರಿಹೋಗುವುದೂ ಅದರಲ್ಲೇ ಹೆಚ್ಚು. ನಮ್ಮ ಲಾರಿ ದಿನವೂ ಓಡುತ್ತದೆ, ನೀರು ನೋಡುವ ಡ್ರೈವರ್ ಇದ್ದಾನೆ, ಆದ್ದರಿಂದ ಮುಚ್ಚಳ ತೆರೆಯಬಹುದಾದ ಮಾದರಿಯನ್ನೇ ಆರಿಸಿದೆವು. ಲಾರಿ ವಾರಗಟ್ಟಲೆ ನಿಲ್ಲುವವರಿಗೆ ಕ್ಯಾಲ್ಸಿಯಂ ಮಾದರಿ ಒಳ್ಳೆಯದು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ ಆಗಿರಬೇಕು. ಲವಣ ತುಂಬಿದ ನಮ್ಮ ಬೋರ್‌ವೆಲ್ ನೀರು ಬ್ಯಾಟರಿಗೆ ವಿಷ.

ಕಂಪನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸೈಡ್‌ನ ಎಕ್ಸ್‌ಪ್ರೆಸ್, ಅಮರಾನ್‌ನ ಹೈ-ವೇ ಲಾರಿಗಳಿಗೆಂದೇ ಇರುವ ಸಾಲುಗಳು. ಜೈ ಕಿಸಾನ್, ಹಾರ್ವೆಸ್ಟ್ ಎಂಬವು ಟ್ರಾಕ್ಟರಿನವು, ಹೆಸರು ಗೊಂದಲ ಮಾಡಿಕೊಂಡು ಅದನ್ನು ಲಾರಿಗೆ ತರಬಾರದು. ಎರಡು ಕಂಪನಿಗಳಿಗೂ ನಮ್ಮ ಹತ್ತಿರದಲ್ಲೇ, ಒಂದಕ್ಕೆ ಹೊಸೂರಿನಲ್ಲಿ, ಇನ್ನೊಂದಕ್ಕೆ ತಿರುಪತಿ ಚಿತ್ತೂರಿನ ಕಡೆ ಕಾರ್ಖಾನೆಗಳಿವೆ. ಬ್ಯಾಟರಿ ಹಳೆಯದಾಗುವುದು ಬರುವ ದಾರಿಯಲ್ಲಲ್ಲ, ಅಂಗಡಿಯ ಕಪಾಟಿನಲ್ಲಿ. ಆದ್ದರಿಂದ ತಯಾರಿಕೆಯ ತಿಂಗಳನ್ನು ಎರಡರ ಮೇಲೂ ನೋಡಿ, ಒಂದೇ ತಿಂಗಳಿನ ಜೋಡಿಯನ್ನು ಕೇಳಬೇಕು, ಅಳೆದಾಗ 12.4ಕ್ಕಿಂತ ಕಡಿಮೆ ಇದ್ದರೆ ಬೇಡವೆನ್ನಬೇಕು. ಆಸಿಡ್ ಇಲ್ಲದೆ ಒಣದಾಗಿ ಬರುವ ಮಾದರಿಯಾದರೆ ಅಂಗಡಿಯವರು ಆಸಿಡ್ ತುಂಬಿ ಮೊದಲ ಚಾರ್ಜನ್ನು ಸಾವಕಾಶವಾಗಿ ಮುಗಿಸಬೇಕು. ಅವಸರವೆಂದು ಅರ್ಧಕ್ಕೇ ಬಿಚ್ಚಿಸಿಕೊಂಡು ಹೋದವರ ಬ್ಯಾಟರಿ ಕೊನೆಯವರೆಗೂ ಅರ್ಧವೇ.

ಜೋಡಿಸುವ ಕೆಲಸ ಅಚ್ಚುಕಟ್ಟಾಗಿತ್ತು. ಅರ್ಥ್ ಕೇಬಲ್ ಮೊದಲು ಬಿಚ್ಚಿ ಕೊನೆಯಲ್ಲಿ ಹಾಕಿದರು, ಟರ್ಮಿನಲ್ಲಿಗೆ ಸುತ್ತಿಗೆ ತಾಗಿಸಲಿಲ್ಲ, ಪೆಟ್ಟಿಗೆಯ ತುಕ್ಕು ಕೆರೆದು ಕ್ಲ್ಯಾಂಪ್ ಬಿಗಿದರು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಮೈಗೂ ಮೀಟರ್ ಹಿಡಿದು, ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ ಕಂಡ ಅರ್ಥ್ ಪಟ್ಟಿಯನ್ನು ಬದಲಾಯಿಸಿದರು. ಈ ಒಂದು ಅಳತೆ ಮಾಡದೆ ಎಷ್ಟೋ ಒಳ್ಳೆಯ ಬ್ಯಾಟರಿಗಳು ಕೆಟ್ಟವೆಂಬ ಹೆಸರು ಹೊತ್ತಿವೆ. ಎಂಜಿನ್ ಓಡುವಾಗ ಒಟ್ಟು 28 ವೋಲ್ಟಿನ ಮೇಲೆ, ಎರಡರಲ್ಲೂ ಬಹುತೇಕ ಸಮನಾಗಿ ಬಂದದ್ದನ್ನು ತೋರಿಸಿಯೇ ಬಿಲ್ಲು ಬರೆದರು. ಬಿಎಸ್-6 ಲಾರಿಯವರು ಒಂದು ಎಚ್ಚರಿಕೆ ವಹಿಸಬೇಕು: ಎಂಜಿನ್ ಆರಿಸಿದ ಕೂಡಲೇ ಬ್ಯಾಟರಿಯ ಸಂಪರ್ಕ ಕಡಿಯುವ ಕಟ್-ಆಫ್ ಸ್ವಿಚ್ ತಿರುಗಿಸಬಾರದು, ಹೊಗೆ ಶುದ್ಧ ಮಾಡುವ ಡಿಇಎಫ್ ದ್ರವದ ಪೈಪುಗಳು ಖಾಲಿಯಾಗುವಷ್ಟು ಹೊತ್ತು ಕೊಡಬೇಕು.

ಕೊರತೆಗಳೂ ಇವೆ. ರಾತ್ರಿಯಿಡೀ ಚಾರ್ಜಿಗೆ ಇಟ್ಟುಕೊಂಡಾಗ ಬದಲಿಗೆ ಕೊಡಲು ಅವರ ಬಳಿ ಜೋಡಿ ಬ್ಯಾಟರಿಗಳಿರಲಿಲ್ಲ, ಹಂಗಾಮಿನ ನಡುವೆ ಹೋದವರಿಗೆ ಇದು ಒಂದು ಬಾಡಿಗೆಯ ನಷ್ಟ. ವಾರಂಟಿ ಕಾರ್ಡಿನಲ್ಲಿ ಲಾರಿಯ ನಂಬರನ್ನೂ ಎರಡೂ ಬ್ಯಾಟರಿಗಳ ಸೀರಿಯಲ್ ನಂಬರನ್ನೂ ನಾವು ಕೇಳಿದ ಮೇಲೆ ಬರೆದರು, ಕೇಳದೆಯೇ ಬರೆಯಬೇಕಿತ್ತು. ವಾಣಿಜ್ಯ ವಾಹನದ ವಾರಂಟಿಯಲ್ಲಿ ಎಷ್ಟು ತಿಂಗಳು ಪೂರ್ತಿ ಉಚಿತ ಬದಲಿ, ಆಮೇಲೆ ಎಷ್ಟು ತಿಂಗಳು ರಿಯಾಯಿತಿ ಮಾತ್ರ ಎಂಬುದನ್ನು ಬೇರೆಬೇರೆಯಾಗಿ ಬರೆಸಿಕೊಳ್ಳುವುದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ಬ್ಯಾಟರಿಯ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿರುವುದರಿಂದ ಬಿಲ್ಲಿನಲ್ಲಿ ಅದನ್ನೂ ಗಮನಿಸಬೇಕು. ಹಳೆಯ ಬ್ಯಾಟರಿಯ ಬೆಲೆ ತೂಕದ ಮೇಲೆ, ಸೀಸದ ಮಾರುಕಟ್ಟೆಯ ಮೇಲೆ ನಿಂತಿರುತ್ತದೆ. ಮೊದಲೇ ಅದನ್ನು ಕಳೆದು ಒಂದೇ ಮೊತ್ತ ಹೇಳುವವರ ಬಳಿ ಎರಡು ದರಗಳನ್ನೂ ಬಿಡಿಸಿ ಕೇಳಬೇಕು. ಇಲ್ಲಿ ಕೇಳದೆಯೇ ಬಿಡಿಸಿ ಹೇಳಿದರು, ಕೆಟ್ಟ ಬ್ಯಾಟರಿಯನ್ನು ನಮ್ಮ ಎದುರಿಗೇ ತೂಗಿ ಅದರ ಬೆಲೆಯನ್ನು ಬಿಲ್ಲಿನಲ್ಲಿ ತೋರಿಸಿದರು.