ಹಿಯರಿಂಗ್ ಏಡ್ ಕೊಳ್ಳುವವರೇ, "ಅಡ್ಜಸ್ಟ್ ಆಗುತ್ತೆ ಸರ್" ಅಂದರೆ ನಂಬಬೇಡಿ

ಅಪ್ಪನ ಎರಡೂ ಕಿವಿಗೆ ಮಿಷನ್ ಹಾಕಿಸಿ 86,000 ರೂಪಾಯಿ ಕಳೆದುಕೊಂಡಿದ್ದೇವೆ. ಬೆಂಗಳೂರಿನ ಅಂಗಡಿ, ಹೊರಗೆ "ಉಚಿತ ಶ್ರವಣ ಪರೀಕ್ಷೆ" ಅನ್ನೋ ಬೋರ್ಡು. ಮೋಸ ಶುರುವಾಗೋದೇ ಆ ಉಚಿತ ಪರೀಕ್ಷೆಯಿಂದ.

ಪರೀಕ್ಷೆ ಮಾಡಿದ್ದು ಅಂಗಡಿಯ ಹಾಲ್‌ನಲ್ಲೇ. ತಲೆಮೇಲೆ ಫ್ಯಾನು, ಹೊರಗೆ ಹಾರ್ನು. ಸೌಂಡ್‌ಪ್ರೂಫ್ ಕೋಣೆಯೇ ಇಲ್ಲ. ಗುಗ್ಗೆ ಇದೆಯಾ ಅಂತ ಕಿವಿಯೊಳಗೆ ಬೆಳಕು ಬಿಟ್ಟು ನೋಡಲಿಲ್ಲ. ಹೆಡ್‌ಫೋನ್ ಹಾಕಿ ಒಂದಷ್ಟು ಬೀಪ್ ಕೇಳಿಸಿದರು, ಹತ್ತು ನಿಮಿಷ, ಮುಗೀತು. ಕಿವಿ ಹಿಂದಿನ ಮೂಳೆಗೆ ವೈಬ್ರೇಟರ್ ಇಟ್ಟು ಮಾಡುವ ಬೋನ್ ಕಂಡಕ್ಷನ್ ಪರೀಕ್ಷೆ ಇಲ್ಲ. ಅದಿಲ್ಲದೆ ತೊಂದರೆ ನರದ್ದೋ ನಡುಗಿವಿಯದ್ದೋ ಗೊತ್ತಾಗೋದು ಹೇಗೆ? ಕಿವಿಯ ತಮಟೆ ತೂತಾಗಿದ್ದರೆ, ಒಳಗೆ ನೀರು ತುಂಬಿದ್ದರೆ ಮೊದಲು ಹೋಗಬೇಕಾದ್ದು ಇಎನ್‌ಟಿ ಡಾಕ್ಟರ ಹತ್ತಿರ, ಮಿಷನ್ ಅಂಗಡಿಗಲ್ಲ. ಪದ ಹೇಳಿ ತಿರುಗಿ ಹೇಳಿಸುವ ಸ್ಪೀಚ್ ಟೆಸ್ಟೂ ಮಾಡಲಿಲ್ಲ.

ಅವರದ್ದೇ ಆಡಿಯೋಗ್ರಾಂ, ಅಂದರೆ ಪರೀಕ್ಷೆಯ ನಕ್ಷೆ, ಅದರ ಪ್ರಕಾರ ದಪ್ಪ ಸ್ವರ (250 ಹರ್ಟ್ಸ್) 60 ಡೆಸಿಬೆಲ್ ಜೋರಿದ್ದರೆ ಮಾತ್ರ ಅಪ್ಪನಿಗೆ ಕೇಳುತ್ತೆ, ತೆಳು ಸ್ವರ (2000 ಹರ್ಟ್ಸ್) 75 ಇದ್ದರೆ. ಇಷ್ಟು ಕೇಳದ ಕಿವಿಗೆ ಅಚ್ಚು ತೆಗೆದು ಇಯರ್ ಮೋಲ್ಡ್ ಮಾಡಿಸಬೇಕು. ಅವರು ಹಾಕಿದ್ದು ತೂತಿರುವ ಓಪನ್ ಡೋಮ್, ಆ ಸಣ್ಣ ರಬ್ಬರ್ ಕೊಡೆ. ತೂತಿನಿಂದ ದಪ್ಪ ಸ್ವರವೆಲ್ಲ ಸೋರಿಹೋಗುತ್ತೆ, ಹೊರಬಂದ ಸದ್ದನ್ನು ಮೈಕ್ ಮತ್ತೆ ಹಿಡಿದು ಕುಯ್ಯ್ ಅಂತ ಕೂಗುತ್ತೆ.

ಕೂಗಿತು. ಅಂಗಡಿಯಾತ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಒತ್ತಿದ, ಕೂಗು ನಿಂತಿತು. "ನೋಡಿ ಸರ್, ಸರಿ ಹೋಯ್ತು." ನಾವೂ ತಲೆಯಾಡಿಸಿದೆವು. ಸರಿ ಹೋಗಿದ್ದು ಏನೂ ಇಲ್ಲ, ಗೇನ್, ಅಂದರೆ ಮಿಷನ್ ಸದ್ದು ಏರಿಸುವ ಪ್ರಮಾಣ, ಅದನ್ನೇ ಇಳಿಸಿದ್ದ! ಕೂಗೂ ಇಲ್ಲ, ಕೇಳಿಸೋದೂ ಇಲ್ಲ. ಅಲ್ಲೇ ಕೂತಿದ್ದ ಅಪ್ಪ "ಏನೂ ಬದಲಾದಂಗೆ ಇಲ್ವಲ್ಲೋ" ಅಂದರು. ಅವರ ಮಾತು ಬಿಟ್ಟು ಅವನ ಮಾತು ಕೇಳಿದೆವು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಾಲ್ಕನೇ ದಿನ ಫೋನ್ ಮಾಡಿದರೆ, "ಮೆದುಳು ಹೊಂದಿಕೊಳ್ಳಬೇಕು ಸರ್." ಒಂಬತ್ತನೇ ದಿನ, "ಅಂಕಲ್ ದಿನಾ ಎಂಟು ಗಂಟೆ ಹಾಕ್ತಿದಾರಾ?" ಹದಿನಾಲ್ಕಕ್ಕೆ, "ಸೋಮವಾರ ಬನ್ನಿ, ನಮ್ಮ ಸೀನಿಯರ್ ಬರ್ತಾರೆ." ಸೋಮವಾರ ಹೋದರೆ, "ವಾಪಸ್ ತಗೊಳ್ಳೋದು ಹದಿನೈದು ದಿನ ಮಾತ್ರ ಸರ್, ರಸೀದಿ ಹಿಂದೆ ಬರೆದಿದೆ." ಅವತ್ತು ಹದಿನೇಳನೇ ದಿನ.

ಹೊಂದಿಕೊಳ್ಳಬೇಕು ಅನ್ನೋದು ಸುಳ್ಳಲ್ಲ, ಅದಕ್ಕೇ ಎಲ್ಲರೂ ನಂಬೋದು. ಹೊಸದರಲ್ಲಿ ತಟ್ಟೆ ಚಮಚದ ಸದ್ದು, ತಮ್ಮದೇ ದನಿ ಜೋರಾಗಿ ಕೇಳಿ ಕಿರಿಕಿರಿಯಾಗುತ್ತೆ, ಕೆಲವು ವಾರ ಬೇಕು. ಆದರೆ ಅದು ಸದ್ದು ಜಾಸ್ತಿ ಅನ್ನುವ ದೂರು. ಕೇಳಿಸ್ತಾನೇ ಇಲ್ಲ ಅಂದರೆ ಹೊಂದಿಕೊಳ್ಳೋದು ಯಾವುದಕ್ಕೆ?

ಆಮೇಲೆ ಬೇರೆ ಕಡೆಯ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಕಿವಿಯೊಳಗೆ ತೆಳು ಟ್ಯೂಬ್ ಇಟ್ಟು, ಮಿಷನ್ ಇದ್ದಾಗ ಮತ್ತು ಇಲ್ಲದಾಗ ತಮಟೆ ಹತ್ತಿರ ಸದ್ದು ಎಷ್ಟು ಬರುತ್ತೆ ಅಂತ ಅಳೆದರು. ರಿಯಲ್ ಇಯರ್ ಮೆಷರ್‌ಮೆಂಟ್ ಅಂದರೆ ಇದೇ. 2000 ಹರ್ಟ್ಸ್‌ನಲ್ಲಿ ಏರಿದ್ದು 6 ಡೆಸಿಬೆಲ್, ಬೇಕಾಗಿದ್ದದ್ದು 30ರ ಮೇಲೆ. ಏರಿಸಿಕೊಡಿ ಅಂದರೆ ಅವರಿಗೂ ಆಗಲಿಲ್ಲ, ಮಿಷನ್ ಆ ಅಂಗಡಿಯ ಸಾಫ್ಟ್‌ವೇರಿಗೇ ಲಾಕ್ ಆಗಿತ್ತು. ಇದನ್ನು ಮಾರುವಾಗ ಒಬ್ಬರೂ ಬಾಯಿ ಬಿಡಲಿಲ್ಲ.

ರಿಯಲ್ ಇಯರ್ ಮಾಡದ ಕಡೆ, ಲಾಕ್ ಆದ ಮಿಷನ್ ಮಾರುವ ಕಡೆ ದುಡ್ಡು ಕೊಡಲೇಬೇಡಿ. ಪರೀಕ್ಷೆ ಮಾಡುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ, ಮುಜುಗರ ಬೇಡ. ಸಾಧ್ಯವಾದರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿ, ಬಸ್ ಚಾರ್ಜ್ ನೋಡಬೇಡಿ. ವಾಪಸ್ ಕೊಡಬಹುದಾದ ಟ್ರಯಲ್ ದಿನಗಳಲ್ಲಿ ಫೋನಿನಲ್ಲಿ ದೂರು ಹೇಳಿ ಸುಮ್ಮನಾಗಬೇಡಿ, ವಾಟ್ಸಾಪಿನಲ್ಲಿ ಬರೆದು ಕಳಿಸಿ.

ಮತ್ತೆ ಬಿಲ್. ನಾವು ಕೇಳಿದಾಗ "ಬಿಲ್ ಹಾಕಿದರೆ ಜಿಎಸ್‌ಟಿ ಸೇರುತ್ತೆ ಸರ್, ರಸೀದಿ ಸಾಕು" ಅಂದರು. ಹಿಯರಿಂಗ್ ಏಡ್‌ಗೆ ಜಿಎಸ್‌ಟಿಯೇ ಇಲ್ಲ! ರಸೀದಿಯಲ್ಲಿ ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಈಗ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಕೂತರೆ ನಮ್ಮ ಕೈಯಲ್ಲಿರೋದು "ಮಿಷನ್ 2" ಅಂತ ಪೆನ್ನಿನಲ್ಲಿ ಗೀಚಿದ ಆ ಚೀಟಿ ಒಂದೇ.