ಕಾರವಾರದಿಂದ ಕುಲದೇವರ ಟ್ರಿಪ್: ಗಾಡಿಗೆ ಎರಡು ಸ್ಟಾರ್, ಡ್ರೈವರಿಗೆ ಐದು

ಕಾರವಾರದಿಂದ ಗೋವಾಕ್ಕೆ ಒಂದು ದಿನದ ಕುಲದೇವರ ದರ್ಶನ ಮಾಡಿಸುವ ಟ್ರಾವೆಲ್ಸ್‌ಗಳು ಈಗ ಬೇಕಾದಷ್ಟಿವೆ. ನಾವು ಹೋದದ್ದರ ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಯುವುದೂ ಇದೆ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್. ನಾವು ಹತ್ತು ಜನ, ಅದರಲ್ಲಿ ಮೊಣಕಾಲು ನೋವಿನ ಆಯಿ ಒಬ್ಬರು. 11,500 ರೂಪಾಯಿಗೆ ಮಾತಾಗಿತ್ತು.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಐದೂವರೆಗೆ ಬರಬೇಕಾದ ಗಾಡಿ ಬಂದದ್ದು ಆರೂಕಾಲಿಗೆ. ಎಸಿ ಹಿಂದಿನ ಎರಡು ಸಾಲಿಗೆ ಮುಟ್ಟುವುದೇ ಇಲ್ಲ, ಅಲ್ಲಿ ಕೂತವರು ಮಡಗಾಂವ್ ಬರುವಷ್ಟರಲ್ಲಿ ಬೆವೆತು ತೊಪ್ಪೆ. ಪೋಳೆ ಚೆಕ್‌ಪೋಸ್ಟ್ ಹತ್ತಿರ ಬಂದಾಗ ಗೋವಾ ಟ್ಯಾಕ್ಸ್ ನಿಮ್ಮದು ಅಂದರು. ಬುಕ್ ಮಾಡುವಾಗ ಎಲ್ಲಾ ಸೇರಿ ಅಂದದ್ದು ಇವರದೇ ಬಾಯಿ ಅಲ್ವಾ? ಫೋನಿನಲ್ಲಿ ಜಗಳ ಆಡಿದ ಮೇಲೆ ಅರ್ಧ ಅವರದು, ಅರ್ಧ ನಮ್ಮದು ಅಂತಾಯಿತು. ಆಯಿಗೆ ಹತ್ತಲು ಒಂದು ಸಣ್ಣ ಸ್ಟೂಲ್ ಇಡಿ ಎಂದು ಎರಡು ಸಲ ಹೇಳಿದ್ದೆ, ಇಟ್ಟಿರಲಿಲ್ಲ. ಕೊನೆಗೆ ಡ್ರೈವರ್ ತನ್ನ ಟೂಲ್ ಬಾಕ್ಸನ್ನೇ ಮೆಟ್ಟಿಲು ಮಾಡಿಕೊಟ್ಟ. ಟ್ರಿಪ್ ಬಚಾವಾದದ್ದು ಈ ಮನುಷ್ಯನಿಂದ.

ಕಾರವಾರದ ಕ್ರಿಶ್ಚಿಯನ್, ಐವತ್ತರ ಮೇಲಿನ ವಯಸ್ಸು, ಕೊಂಕಣಿ ಕನ್ನಡ ಎರಡೂ ನೀರು ಕುಡಿದ ಹಾಗೆ. ಕಾಳಿ ಸೇತುವೆ ದಾಟುವಾಗಲೇ ಶುರು ಮಾಡಿದ. ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ನದಿಗೆ ಬಿದ್ದ ಮೇಲೆ ಹೊಸದನ್ನು ದಾಟುವಾಗ ನಮ್ಮ ಮನೆಯವರೆಲ್ಲ ಇನ್ನೂ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಆ ಸದ್ದಿಲ್ಲದ ಹೊತ್ತಿನಲ್ಲಿ ಅವನು ಗುಡ್ಡದ ಕಡೆ ಕೈ ತೋರಿಸಿ, "ಸದಾಶಿವಗಡ ಕಟ್ಟಿದ್ದು ಸೋದೆ ರಾಜರು, ಒಂದು ಕಾಲದಲ್ಲಿ ನಿಮ್ಮ ದೇವರಿರುವ ಫೋಂಡಾವೂ ಅವರ ಕೈಲೇ ಇತ್ತು" ಅಂದ. ಶಿರಸಿ ಪಕ್ಕದ ಸೋದೆ! ನನಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯಲ್ಲಿ ಕುಲದೇವರು ಗೋವಾದಲ್ಲಿರುವ ಕಥೆ ಎರಡೇ ಪದದ್ದು: ಪೋರ್ಚುಗೀಸರ ಕಾಟ. ಅದಕ್ಕೇ ಓಡಿ ಬಂದೆವು, ಅದಕ್ಕೇ ದೇವರು ಅಲ್ಲಿ ನಾವು ಇಲ್ಲಿ, ವರ್ಷಕ್ಕೊಮ್ಮೆ ಹೋಗಿ ಹಣ್ಣುಕಾಯಿ ಮಾಡಿಸಬೇಕು. ಮುಗೀತು. ಆದರೆ ದೇವರು ಕೂಡ ಅಲ್ಲಿಯವನಲ್ಲ. ಮಂಗೇಶ ಮೊದಲು ಇದ್ದದ್ದು ಜುವಾರಿ ಹೊಳೆಯ ಆಚೆ ಕುಶಸ್ಥಳಿಯಲ್ಲಿ. 1560ರಲ್ಲಿ ಲಿಂಗವನ್ನು ಎತ್ತಿಕೊಂಡು ಹೊಳೆ ದಾಟಿಸಿ ಫೋಂಡಾ ಸೀಮೆಯ ಪ್ರಿಯೋಳಕ್ಕೆ ತಂದರು. ಕವಳೆಯ ಶಾಂತಾದುರ್ಗೆ ಕೇಳಶಿಯವಳು, ಮಾರ್ದೋಳದ ಮಹಾಲಸೆ ವೆರ್ಣೆಯವಳು, ರಾಮನಾಥ ಲೋಟ್ಲಿಯವನು. 1567ರ ಹೊತ್ತಿಗೆ ದಕ್ಷಿಣ ಗೋವಾದ ಸಾಷ್ಟಿಯಲ್ಲಿ ನೂರಾರು ಗುಡಿಗಳನ್ನು ಕೆಡವಿದ್ದರು. ಫೋಂಡಾ ಸೀಮೆ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು, ಪೋರ್ಚುಗೀಸರ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಅಂದರೆ ನಮ್ಮ ಕುಲದೇವರು ಜೀವ ಉಳಿಸಿಕೊಂಡದ್ದು ಸುಲ್ತಾನನ ನೆಲದಲ್ಲಿ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನು ಹಾಕಿದೆ, ಒಬ್ಬರೂ ಲೈಕ್ ಒತ್ತಲಿಲ್ಲ, ಇರಲಿ.

ದರ್ಶನದ ವಿಷಯ ಬೇಗ ಹೇಳುತ್ತೇನೆ. ಕವಳೆ, ರಾಮನಾಥಿ, ನಾಗೇಶಿ, ಮಾರ್ದೋಳ, ಮಂಗೇಶಿ, ಐದೂ ಸಿಕ್ಕವು. ನಾಗೇಶಿಯ ದೇವರು ಮಾತ್ರ ಎಲ್ಲಿಂದಲೂ ಓಡಿ ಬಂದವನಲ್ಲ, 1413ರ ಶಾಸನ ಅಲ್ಲಿದೆ. ಡ್ರೈವರ್ ಎಲ್ಲೂ ಗಡಿಬಿಡಿ ಮಾಡಿಸಲಿಲ್ಲ. ಆಯಿ ಮಾರ್ದೋಳದ ಹಿತ್ತಾಳೆ ದೀಪಸ್ತಂಭದ ಬುಡದಲ್ಲಿ ಇಪ್ಪತ್ತು ನಿಮಿಷ ಕೂತರು, ಅವನು ಒಂದು ಹಾರ್ನ್ ಕೂಡ ಹೊಡೆಯಲಿಲ್ಲ.

ಊಟ ಮಂಗೇಶಿಯ ಹತ್ತಿರದ ಒಂದು ಸಸ್ಯಾಹಾರಿ ಖಾನಾವಳಿಯಲ್ಲಿ. ತೊಯೆ (ಬೇಳೆ ಸಾರು), ಬಟಾಟೆ ಭಾಜಿ, ಸೋಲಕಡಿ. ತೊಯೆ ನೀರುನೀರು, ಸೋಲಕಡಿ ಚೆನ್ನಾಗಿತ್ತು. ಡ್ರೈವರ್ ನಮ್ಮ ಜೊತೆಯೇ ಕೂತ. ತಟ್ಟೆಗೆ ಅನ್ನ ಬಿದ್ದ ಕೂಡಲೇ, ರುಚಿಯೂ ನೋಡದೆ, ಎರಡು ಚಿಟಿಕೆ ಉಪ್ಪು ತೆಗೆದು ಅನ್ನದ ಮೇಲೆ ಉದುರಿಸಿ ಬೆರಳಲ್ಲಿ ಕಲಸಿದ. ಬಿಪಿ ಬರುತ್ತೆ ಮಾರಾಯಾ ಅಂದೆ. ನಕ್ಕ. "ನಮ್ಮ ಮನೇಲಿ ಅನ್ನ ಬೇಯುವಾಗಲೇ ಉಪ್ಪು ಹಾಕ್ತಾರೆ, ಸಪ್ಪೆ ಅನ್ನ ಗಂಟಲಲ್ಲಿ ಇಳಿಯಲ್ಲ. ಯಾಕೆ ಗೊತ್ತಾ? ಉಪ್ಪು ಹಾಕದೆ ಬೇಯಿಸಿದ್ರೆ ಹಿಡ್ಕೊಂಡು ಹೋಗ್ತಿದ್ರು."

ಸುಮ್ನೆ ಹೇಳುತ್ತಾನೆ ಅಂದುಕೊಂಡೆ. ಮನೆಗೆ ಬಂದು ಓದಿ ನೋಡಿದರೆ ನಿಜ. 1736ರಲ್ಲಿ ಪೋರ್ಚುಗೀಸರ ಧರ್ಮವಿಚಾರಣೆ ಕೋರ್ಟಾದ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆಯಲ್ಲಿ ಕ್ರಿಶ್ಚಿಯನ್ನರು ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಮಾಡಬಾರದು, ಮನೆ ಹತ್ತಿರ ತುಳಸಿ ಇರಬಾರದು, ಗಂಡಸರು ಪಂಚೆ ಉಡಬಾರದು, ಹೆಂಗಸರು ಚೋಳಿ ತೊಡಬಾರದು ಎಂದೆಲ್ಲ ಇದೆ. ಹಿಂದೂಗಳಿಗೆ ಗುಡಿ ಹೋಯಿತು, ಹಬ್ಬ ಹೋಯಿತು, ತಂದೆ ಸತ್ತ ಮಕ್ಕಳನ್ನು ಎತ್ತಿಕೊಂಡು ಹೋಗುವ ಕಾನೂನೂ ಇತ್ತು, ಅದೆಲ್ಲ ಸರಿ. ಆದರೆ ಆ ಕೋರ್ಟಿನ ಮುಂದೆ ಹೆಚ್ಚಾಗಿ ನಿಂತವರು ದೀಕ್ಷೆ ಪಡೆದ ಕ್ರಿಶ್ಚಿಯನ್ನರೇ, ಹಳೇ ಪದ್ಧತಿ ಬಿಟ್ಟಿಲ್ಲ ಎಂಬ ಅನುಮಾನದ ಮೇಲೆ. 1561ರಿಂದ 1774ರವರೆಗೆ 16 ಸಾವಿರಕ್ಕೂ ಜಾಸ್ತಿ ಕೇಸು. ಡ್ರೈವರಿನ ಹಿರಿಯರು ಉತ್ತರ ಗೋವಾದ ಬಾರ್ದೇಸ್‌ನಿಂದ ರಾತ್ರೋರಾತ್ರಿ ತೆಂಕಣಕ್ಕೆ ಬಂದವರಂತೆ. ಅವನು ಹೇಳಿದ್ದು ಹೀಗೆ: "ನಿಮ್ಮವರು ದೇವರನ್ನ ಎತ್ಕೊಂಡು ಓಡಿದ್ರು, ನಮ್ಮವರು ಅನ್ನದ ಪಾತ್ರೆ ಎತ್ಕೊಂಡು ಓಡಿದ್ರು."

ಆಮೇಲೆ ಪ್ಯಾಕೇಜಿನಲ್ಲಿ ಇಲ್ಲದ ಒಂದು ಜಾಗಕ್ಕೆ ಕರೆದುಕೊಂಡು ಹೋದ. ಹಳೇ ಗೋವಾ, ಸೆ ಕೆಥೆಡ್ರಲ್ ಎದುರು. ಎಲ್ಲರೂ ಚರ್ಚಿನ ಫೋಟೋ ತೆಗೆಯುತ್ತಿದ್ದರೆ ಇವನು ಚರ್ಚಿಗೆ ಬೆನ್ನು ಹಾಕಿ ನಿಂತು ಹುಲ್ಲು ತೋರಿಸಿದ. ವ್ಹಡ್ಲೆಂ ಘರ್, ದೊಡ್ಡ ಮನೆ, ಇದ್ದದ್ದು ಇಲ್ಲಿ. ಇನ್‌ಕ್ವಿಸಿಷನ್ನಿನ ಅರಮನೆಗೆ ಜನ ಇಟ್ಟಿದ್ದ ಹೆಸರು ಅದು, ನಿಜವಾದ ಹೆಸರು ಬಾಯಲ್ಲಿ ತರಲು ಹೆದರಿ. ಅದಕ್ಕೂ ಮೊದಲು ಅದು ಆದಿಲ ಶಾಹನ ಅರಮನೆ. 1670ರ ದಶಕದಲ್ಲಿ ಡೆಲ್ಲೋನ್ ಎಂಬ ಫ್ರೆಂಚ್ ವೈದ್ಯನನ್ನು ಅದರೊಳಗೆ ಕೂಡಿಹಾಕಿದ್ದರು. ಹೊರಬಿದ್ದ ಮೇಲೆ ಅವನು 1687ರಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿದ, ಅದಕ್ಕೇ ಒಳಗಿನ ಸಂಗತಿ ಇಷ್ಟಾದರೂ ಗೊತ್ತು. 1560ರಲ್ಲಿ ಶುರುವಾದದ್ದು, ನಡುವೆ ನಾಲ್ಕು ವರ್ಷ ಬಂದ್ ಆಗಿ, ಕೊನೆಗೆ ನಿಂತದ್ದು 1812ರಲ್ಲಿ. ಈಗ ಒಂದು ಗೋಡೆಯೂ ಇಲ್ಲ. ಒಂದು ನಾಯಿ ನೆರಳಲ್ಲಿ ಮಲಗಿತ್ತು.

ಆಯಿ ಗಾಡಿಯಿಂದ ಇಳಿಯಲಿಲ್ಲ. ಕಿಟಕಿಯಿಂದ ನೋಡಿ, "ಇಷ್ಟೇಯಾ?" ಅಂದರು. ಹೌದು ಆಯಿ, ಇಷ್ಟೇ.

ವಾಪಸ್ ಬರುವಾಗ ಸೋದೆ ರಾಜರ ಕಥೆ ಮುಗಿಸಿದ. 1760ರ ದಶಕದಲ್ಲಿ ಹೈದರಾಲಿ ಬಂದಾಗ ಸೋದೆಯ ಅರಸ ಓಡಿ ಆಶ್ರಯ ಕೇಳಿದ್ದು ಇದೇ ಪೋರ್ಚುಗೀಸರ ಹತ್ತಿರ. ಫೋಂಡಾ ಆಗಲೇ ಅವರ ಕೈಸೇರಿದ್ದು, ಆದರೆ ಅಲ್ಲಿಯ ಗುಡಿಗಳನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಅದಕ್ಕೂ ಇನ್ನೂರು ವರ್ಷ ಮೊದಲೇ ಅದೇ ಮಾತು ಕೊಟ್ಟಿದ್ದರೆ ನಮ್ಮ 11,500 ಉಳಿಯುತ್ತಿತ್ತು ಎಂದು ಭಾವ ಹೇಳಿದ್ದಕ್ಕೆ ಇಡೀ ಗಾಡಿ ನಕ್ಕಿತು.

ಬುಕ್ ಮಾಡುವವರಿಗೆ: ಟ್ಯಾಕ್ಸ್ ಯಾರದು ಎಂದು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗಾಡಿ ಯಾವುದಾದರೂ ಇರಲಿ, ಡ್ರೈವರ್ ಯಾರು ಎಂದು ಮೊದಲೇ ಕೇಳಿ. ಹಳೇ ಗೋವಾಕ್ಕೆ ಒಂದು ತಾಸು ಜಾಸ್ತಿ ಇಟ್ಟುಕೊಳ್ಳಿ. ಲಿಂಬೆಹಣ್ಣು ಮರೆಯಬೇಡಿ, ಕರ್ಮಲ ಘಾಟಿಯಲ್ಲಿ ಹಿಂದಿನ ಸೀಟಿನವರಿಗೆ ವಾಂತಿ ಗ್ಯಾರಂಟಿ.