ಊರಿನ ಗುಂಡು ಏಲಕ್ಕಿಯೋ, ಇಡುಕ್ಕಿಯ ದಪ್ಪ ಕಾಯಿಯೋ?

ಮಡಿಕೇರಿಯ ಅಂಗಡಿಯಲ್ಲಿ ಒಳ್ಳೆ ಏಲಕ್ಕಿ ಕೇಳಿ ನೋಡಿ. ಮೊದಲು ತೋರಿಸುವುದು 8 ಮಿ.ಮೀ. ದಪ್ಪದ ಹಸಿರು ಕಾಯಿ. ಬೆಲೆಯೂ ಅದಕ್ಕೇ ಜಾಸ್ತಿ. ಕೇರಳದ ಇಡುಕ್ಕಿಯ ರೈತರು ಆರಿಸಿ ಬೆಳೆಸಿದ ಞಳ್ಳಾನಿ ತಳಿ ಇಂಥ ಕಾಯಿಗೇ ಹೆಸರುವಾಸಿ. ನಮ್ಮ ಕೊಡಗಿನ ಗುಂಡು ಕಾಯಿ ಮೂಲೆಯ ಡಬ್ಬದಲ್ಲಿರುತ್ತದೆ. ಎರಡನ್ನೂ ತಂದು ಅಡುಗೆಯಲ್ಲಿ ಹಾಕಿ ನೋಡಿದೆ.

ಗಿಡದಲ್ಲೇ ವ್ಯತ್ಯಾಸ ಇದೆ. ನಮ್ಮದು ಮಲಬಾರ್ ಜಾತಿ, ಗೊಂಚಲು ನೆಲದ ಮೇಲೆ ಹರಡಿ ಮಲಗುತ್ತದೆ. ಮೈಸೂರು ಜಾತಿಯದ್ದು ನೆಟ್ಟಗೆ ನಿಲ್ಲುತ್ತದೆ. ಹೆಸರು ಮೈಸೂರು, ಬೆಳೆಯುವುದು ಮಾತ್ರ ಕೇರಳ, ತಮಿಳುನಾಡಿನಲ್ಲೇ ಜಾಸ್ತಿ! ಇವೆರಡರ ನಡುವಿನದು ವಳುಕ್ಕ. ಞಳ್ಳಾನಿ ಆ ಗುಂಪಿನದು.

ಈಗ ಘಮಕ್ಕೆ ಬರೋಣ. ಗುಂಡು ಕಾಯಿಯ ಸಿಪ್ಪೆ ಬಿಡಿಸಿ ಕಾಳನ್ನು ಉಗುರಿನಲ್ಲಿ ಒತ್ತಿದರೆ ಕರ್ಪೂರದಂಥ ತಂಪು ಮೂಗಿಗೆ ಹೊಡೆಯುತ್ತದೆ. ಅದು ಸಿನಿಯೋಲ್ ಎಂಬ ಘಮದ ಅಂಶ. ನೀಲಗಿರಿ ಎಣ್ಣೆಯಲ್ಲಿರುವುದೂ ಮುಖ್ಯವಾಗಿ ಅದೇ. ದಪ್ಪ ಕಾಯಿಯ ಘಮ ನಿಧಾನ, ಸಿಹಿ, ಹೂವಿನ ಕಡೆಗೆ ವಾಲಿದ್ದು. ಅದು ಟರ್ಪಿನೈಲ್ ಅಸಿಟೇಟ್ ಎಂಬ ಇನ್ನೊಂದು ಘಮದ ಅಂಶದ ಗುಣ.

ಬೆಲ್ಲದ ಕಾಫಿಗೆ ದಪ್ಪ ಕಾಯಿ ಹಾಕಿದೆ. ಬೆಲ್ಲದ ಮುಂದೆ ಅದರ ಸದ್ದೇ ಇಲ್ಲ. ಗುಂಡು ಕಾಯಿ ಒಂದು ಜಜ್ಜಿ ಹಾಕಿದರೆ ಸಾಕು, ಲೋಟ ಬಾಯಿಗೆ ಬರುವ ಮೊದಲೇ ಗೊತ್ತಾಗುತ್ತದೆ. ಹುತ್ತರಿಯ ತಂಬಿಟ್ಟಿಗೂ ನಾನು ಅದನ್ನೇ ಹಾಕುವುದು. ಕಳಿತ ಬಾಳೆಹಣ್ಣು, ಹುರಿದ ಅಕ್ಕಿಹಿಟ್ಟಿನ ಜೊತೆ ಸಾಧು ಏಲಕ್ಕಿ ನಿಲ್ಲೋದಿಲ್ಲ. ಹಾಲಿನ ಪಾಯಸಕ್ಕೆ ಮಾತ್ರ ದಪ್ಪ ಕಾಯಿಯೇ ಸರಿ. ಅಲ್ಲಿ ನಮ್ಮದು ಸ್ವಲ್ಪ ಜಾಸ್ತಿಯಾದರೂ ಕಷಾಯದ ವಾಸನೆ ಬರುತ್ತದೆ.

ಬಣ್ಣ ತೆಗೆದ ಬಿಳಿ ಏಲಕ್ಕಿಯೂ ಸಿಗುತ್ತದೆ. ಘಮ ಸಪ್ಪೆ, ಬೇಡ.

ಯಾವುದೇ ಕೊಳ್ಳಿ, ಒಂದು ಕಾಯಿ ಬಿಡಿಸಿ ನೋಡಿ. ಕಾಳು ಕಪ್ಪು ಕಂದು ಇರಬೇಕು, ಬೆರಳಿಗೆ ಜಿಗುಟಾಗಬೇಕು. ಮಾಸಲು ಬಿಳಿ ಇದ್ದರೆ ಎಳೆಯದನ್ನೇ ಕೊಯ್ದಿದ್ದಾರೆ ಅಂತ. ಸಿಪ್ಪೆಯ ಹಸಿರು ನೋಡಿ ಮರುಳಾಗಬೇಡಿ. ಅದು ಒಣಗಿಸುವ ಗೂಡಿನ ಕೆಲಸ. ಬಿಸಿಲಿಗೆ ಹಾಕಿದರೆ ಒಳ್ಳೆ ಕಾಯಿಯ ಬಣ್ಣವೂ ಹಾರುತ್ತದೆ.

ನನಗೆ ಬೇಸರ ಆಗುವುದು ಒಂದೇ. ಏಲಕ್ಕಿಗೆ ಕಟ್ಟೆ ಎಂಬ ವೈರಸ್ ರೋಗ ಬಂದರೆ ಗಿಡ ಕುಗ್ಗುತ್ತಾ ಹೋಗುತ್ತದೆ, ಫಸಲು ಸಿಗೋದಿಲ್ಲ. ಒಂದು ಸಣ್ಣ ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ನಮ್ಮ ಕೊಡಗಿನದೇ ಅಪ್ಪಂಗಳದ ಸಂಶೋಧನಾ ಕೇಂದ್ರ ಇದನ್ನು ತಡೆಯುವ 'ವಿಜೇತ' ತಳಿ ಕೊಟ್ಟಿದೆ. ಅದೂ ಮಲಬಾರ್ ಜಾತಿಯೇ. ಆದರೆ ಬೆಲೆ ಗಾತ್ರಕ್ಕೇ ಸಿಗುವಾಗ ಗುಂಡು ಕಾಯಿ ಯಾರು ಬೆಳೆಯುತ್ತಾರೆ? ಅದಕ್ಕೇ ನಾನು ಅಂಗಡಿಯಲ್ಲಿ ಮೂಲೆಯ ಡಬ್ಬ ತೋರಿಸಿ ಕೇಳುತ್ತೇನೆ. ನೀವೂ ಕೇಳಿ.